ಬೇಸ್‌ಬಾಲ್ ಸ್ಕೋರಿಂಗ್ ಆ್ಯಪ್: ಆಟಗಾರ ಬದಲಾದಾಗ ಏನು ಒತ್ತಬೇಕು, ಯಾವಾಗ ಒತ್ತಬೇಕು?

ಐದನೇ ಇನಿಂಗ್ಸ್ ಇನ್ನೇನು ಶುರುವಾಗಬೇಕು. ಕೋಚ್ ಅಂಪೈರ್ ಹತ್ತಿರ ಹೋಗಿ ಏನೋ ಹೇಳುತ್ತಾರೆ. ಅಂಪೈರ್ ಜೇಬಿನಿಂದ ಕಾರ್ಡ್ ತೆಗೆದು ಬರೆದುಕೊಂಡು, ನಿಮ್ಮ ಕಡೆ ತಿರುಗಿ ಕೂಗುತ್ತಾರೆ: "12 ಹೊರಗೆ, 21 ಒಳಗೆ, ಲೆಫ್ಟ್ ಫೀಲ್ಡ್. 33 ಸೆಂಟರ್‌ಗೆ." ಅಷ್ಟರಲ್ಲಿ ಪಿಚರ್ (ಚೆಂಡು ಎಸೆಯುವವನು) ಮೌಂಡ್ (ಎಸೆಯುವ ದಿಬ್ಬ) ಹತ್ತಿ ನಿಂತಾಗಿದೆ. ನಿಮಗೆ ಸಿಗುವುದು ಹತ್ತಿಪ್ಪತ್ತು ಸೆಕೆಂಡ್ ಅಷ್ಟೇ.

ನಾನು ಆ್ಯಪ್‌ನಲ್ಲಿ ಸ್ಕೋರ್ ಬರೆಯಲು ಶುರು ಮಾಡಿದ ಹೊಸದರಲ್ಲಿ ಇಂಥದ್ದೇ ಒಂದು ಬದಲಾವಣೆಯನ್ನು ತಪ್ಪಾಗಿ ಹಾಕಿದ್ದೆ. ಹೊಸಬ ಲೆಫ್ಟ್ ಫೀಲ್ಡ್‌ಗೆ ಬಂದಿದ್ದಾನೆ, ಈಗ ಅಲ್ಲಿರುವವನು 33, ಹಾಗಾದರೆ 33ರ ಮೇಲೆ 21ನ್ನು ಹಾಕಿದರೆ ಆಯ್ತಲ್ವಾ ಅಂದುಕೊಂಡೆ. ಆ್ಯಪ್ ಹೇಳಿದಂತೆ ಮಾಡಿತು. 33ನ್ನು ಆಟದಿಂದಲೇ ಹೊರಗೆ ಹಾಕಿತು. ಮುಂದಿನ ಸರದಿಯಲ್ಲಿ 33 ಬ್ಯಾಟ್ ಹಿಡಿದು ಬಂದು ನಿಂತ. ಪರದೆಯ ಮೇಲೆ 21ರ ಹೆಸರಿತ್ತು. ವಾಪಸ್ ಸೇರಿಸೋಣ ಅಂದರೆ ಆಗಲಿಲ್ಲ. ಒಮ್ಮೆ ಹೊರಗೆ ಹೋದವನು ಮತ್ತೆ ಆಡುವಂತಿಲ್ಲ ಎಂಬ ನಿಯಮವನ್ನು ಆಟಕ್ಕೆ ಮೊದಲು ನಾನೇ ಸೆಟ್ ಮಾಡಿದ್ದೆ. ಆ ಹುಡುಗ ಅವತ್ತು ಎರಡು ಬೇಸ್‌ನ ಒಳ್ಳೆಯ ಹೊಡೆತ ಹೊಡೆದ. ಅದು ಇನ್ನೊಬ್ಬನ ಲೆಕ್ಕಕ್ಕೆ ಹೋಗಿ ಕೂತಿತು. ಅದನ್ನು ಸರಿಪಡಿಸಲು ಆಟ ಮುಗಿದ ಮೇಲೆ ತುಂಬಾ ಹೊತ್ತು ಹಿಡಿಯಿತು.

ಆ ತಪ್ಪು ಕಲಿಸಿದ್ದು ಒಂದೇ ವಿಷಯ, ಈ ಲೇಖನದ ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ. ಬೇಸ್‌ಬಾಲ್‌ನಲ್ಲಿ ಪ್ರತಿ ಆಟಗಾರನಿಗೂ ಎರಡು ಜಾಗ ಇರುತ್ತದೆ. ಒಂದು ಬ್ಯಾಟಿಂಗ್ ಸಾಲಿನಲ್ಲಿ, ಇನ್ನೊಂದು ಮೈದಾನದಲ್ಲಿ. ಹೊಸಬ ಬಂದಾಗ ಹೊರಗೆ ಹೋದವನ ಬ್ಯಾಟಿಂಗ್ ಜಾಗ ಅವನಿಗೆ ಬರುತ್ತದೆ. ಮೈದಾನದಲ್ಲಿ ಮಾತ್ರ ಅವನು ಎಲ್ಲಿ ಬೇಕಾದರೂ ನಿಲ್ಲಬಹುದು. ಕ್ರಿಕೆಟ್‌ನ ಬದಲಿ ಫೀಲ್ಡರ್ ಒಂದು ಕ್ಯಾಚ್ ಹಿಡಿದು ವಾಪಸ್ ಹೋದರೆ ಬ್ಯಾಟಿಂಗ್ ಸಾಲು ಇದ್ದ ಹಾಗೇ ಇರುತ್ತದೆ. ಇಲ್ಲಿ ಹಾಗಲ್ಲ. ಇಲ್ಲಿ ಬದಲಾವಣೆ ಅಂದರೆ ಮೊದಲು ಬ್ಯಾಟಿಂಗ್ ಸಾಲಿನ ಬದಲಾವಣೆ, ಆಮೇಲೆ ಮೈದಾನದ್ದು.

ಅದಕ್ಕೇ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬೇರೆ ಆಯ್ಕೆಗಳು ಇರುತ್ತವೆ. ಒಂದು ಸಬ್‌ಸ್ಟಿಟ್ಯೂಷನ್, ಇನ್ನೊಂದು ಪೊಸಿಷನ್ ಬದಲಾವಣೆ. ಆ್ಯಪ್‌ನಿಂದ ಆ್ಯಪ್‌ಗೆ ಹೆಸರು ಸ್ವಲ್ಪ ಆಚೀಚೆ ಆಗಬಹುದು, ಕೆಲಸ ಅದೇ. ಬೆಂಚ್‌ನಿಂದ ಒಬ್ಬ ಎದ್ದು ಬಂದರೆ ಮೊದಲನೆಯದು. ಮೈದಾನದಲ್ಲಿ ಆಗಲೇ ಇರುವವರು ಜಾಗ ಅದಲು ಬದಲು ಮಾಡಿಕೊಂಡರೆ ಎರಡನೆಯದು.

ಆಟ ಶುರುವಾಗುವ ಮುಂಚೆ

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಎರಡೂ ತಂಡಗಳ ರೋಸ್ಟರ್‌ನಲ್ಲಿ (ಆಟಗಾರರ ಪಟ್ಟಿಯಲ್ಲಿ) ಬೆಂಚ್ ಆಟಗಾರರನ್ನೂ ಜೆರ್ಸಿ ನಂಬರ್ ಸಮೇತ ಸೇರಿಸಿಡಿ. ಆಡುವ ಒಂಬತ್ತು ಜನರನ್ನು ಮಾತ್ರ ಹಾಕಿ ಸುಮ್ನೆ ಕೂತರೆ, ಆರನೇ ಇನಿಂಗ್ಸ್‌ನಲ್ಲಿ ಹೊಸಬನ ಹೆಸರು ಟೈಪ್ ಮಾಡುತ್ತಾ ಎರಡು ಪಿಚ್ (ಪಿಚರ್‌ನ ಎಸೆತ) ಕಳೆದುಕೊಳ್ಳುತ್ತೀರಿ. ಎದುರಾಳಿ ತಂಡದ ಹೆಸರುಗಳು ಸಿಗದಿದ್ದರೆ ನಂಬರ್ ಸಾಕು.

ಆಮೇಲೆ ನಿಯಮಗಳ ಸೆಟ್ಟಿಂಗ್. ಇದನ್ನು ಬಹಳ ಜನ ನೋಡುವುದೇ ಇಲ್ಲ. ಬದಲಾವಣೆಯ ನಿಯಮ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಮ್ಮೆ ಹೊರಗೆ ಹೋದವನು ಆ ಆಟದಲ್ಲಿ ಮತ್ತೆ ಆಡುವಂತಿಲ್ಲ. ಅಲ್ಲಿನ ಹೈಸ್ಕೂಲ್ ನಿಯಮದಲ್ಲಿ ಆಟ ಶುರು ಮಾಡಿದವನು ಒಂದು ಸಲ ವಾಪಸ್ ಬರಬಹುದು, ಆದರೆ ತನ್ನ ಹಳೆಯ ಬ್ಯಾಟಿಂಗ್ ಜಾಗಕ್ಕೇ ಬರಬೇಕು. ಬೆಂಚ್‌ನಿಂದ ಬಂದು ಹೊರಗೆ ಹೋದವನಿಗೆ ಈ ಅವಕಾಶ ಇಲ್ಲ. ಮಕ್ಕಳ ಲೀಗ್‌ಗಳಲ್ಲಿ ಇನ್ನೂ ಸಡಿಲ. ನಿಮ್ಮ ಲೀಗ್‌ನ ನಿಯಮ ಪುಸ್ತಕದಲ್ಲಿ ನಾಲ್ಕು ವಿಷಯ ನೋಡಿಕೊಳ್ಳಿ: ವಾಪಸ್ ಬರಬಹುದಾ, ಡೆಸಿಗ್ನೇಟೆಡ್ ಹಿಟ್ಟರ್ (ಪಿಚರ್ ಬದಲು ಬ್ಯಾಟ್ ಮಾತ್ರ ಮಾಡುವವನು, ಚಿಕ್ಕದಾಗಿ ಡಿಎಚ್) ಇದ್ದಾನಾ, ಕರ್ಟಸಿ ರನ್ನರ್‌ಗೆ (ಆಟದಲ್ಲೇ ಉಳಿಯುವವನ ಬದಲು ಓಡುವವನಿಗೆ) ಅವಕಾಶ ಇದೆಯಾ, ಬಂದ ಎಲ್ಲ ಆಟಗಾರರೂ ಬ್ಯಾಟ್ ಮಾಡುತ್ತಾರಾ. ಇವನ್ನು ಆ್ಯಪ್‌ಗೆ ಮೊದಲೇ ಹೇಳಿಟ್ಟರೆ ಆಮೇಲೆ ಅದೇ ನಿಮಗೆ ಎಚ್ಚರಿಕೆ ಕೊಡುತ್ತದೆ.

ಮೈದಾನದ ಜಾಗಗಳ ನಂಬರ್ ಬಾಯಿಗೆ ಬರಲಿ. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ 6, ಲೆಫ್ಟ್ ಫೀಲ್ಡ್ 7, ಸೆಂಟರ್ 8, ರೈಟ್ 9. ಇದು ಜೆರ್ಸಿ ನಂಬರ್ ಅಲ್ಲ. ಹೊಸಬರು ಇಲ್ಲಿ ತಪ್ಪದೇ ಗೊಂದಲ ಮಾಡಿಕೊಳ್ಳುತ್ತಾರೆ, ಅದರಲ್ಲೂ ಜೆರ್ಸಿ 8 ಹಾಕಿದವನು ರೈಟ್ ಫೀಲ್ಡ್‌ನಲ್ಲಿ ನಿಂತಾಗ.

ಸಾಮಾನ್ಯ ಬದಲಾವಣೆ, ಹೆಜ್ಜೆ ಹೆಜ್ಜೆಯಾಗಿ

ಮೇಲಿನ ಉದಾಹರಣೆಯನ್ನೇ ತಗೊಳ್ಳೋಣ. 12 ಬ್ಯಾಟಿಂಗ್ ಸಾಲಿನಲ್ಲಿ ಆರನೆಯವನು, ಸೆಂಟರ್ ಫೀಲ್ಡ್‌ನಲ್ಲಿದ್ದ. 33 ಎರಡನೆಯವನು, ಲೆಫ್ಟ್‌ನಲ್ಲಿದ್ದ.

1. ಕೇಳಿದ್ದನ್ನು ಮೊದಲು ಕಾಗದದ ತುಂಡಿನ ಮೇಲೆ ಗೀಚಿ: "12–21, 21=7, 33=8, 5ನೇ ಇನಿಂಗ್ಸ್." ಮೂರು ಸೆಕೆಂಡ್ ಸಾಕು. ಬೆರಳು ತಪ್ಪಿದರೂ ಈ ಚೀಟಿ ಉಳಿಯುತ್ತದೆ.

2. ಆ್ಯಪ್‌ನಲ್ಲಿ ಲೈನ್‌ಅಪ್ (ಬ್ಯಾಟಿಂಗ್ ಸಾಲಿನ ಪಟ್ಟಿ) ತೆರೆಯಿರಿ. ಹುಡುಕಬೇಕಾದದ್ದು ಹೊರಗೆ ಹೋಗುವವನನ್ನು, ಅಂದರೆ 12ನ್ನು. ಒಳಗೆ ಬರುವವನು ಎಲ್ಲಿ ನಿಲ್ಲುತ್ತಾನೆ ಅನ್ನುವುದನ್ನು ಈಗ ಮರೆತುಬಿಡಿ.

3. 12ರ ಮೇಲೆ ಒತ್ತಿ, ಸಬ್‌ಸ್ಟಿಟ್ಯೂಷನ್ ಆರಿಸಿ, ಬೆಂಚ್ ಪಟ್ಟಿಯಿಂದ 21ನ್ನು ತಗೊಳ್ಳಿ. 21 ಆರನೇ ಸಾಲಿಗೆ ಬಂದು ಕೂರುತ್ತಾನೆ. ಹಲವು ಆ್ಯಪ್‌ಗಳು ಅವನಿಗೆ ತಾವಾಗಿಯೇ ಸೆಂಟರ್ ಫೀಲ್ಡ್ ಕೊಡುತ್ತವೆ. ಈಗ ಅದು ಸರಿಯಲ್ಲ, ಆದರೆ ಗಾಬರಿ ಬೇಡ.

4. ಈಗ ಪೊಸಿಷನ್ ಬದಲಾವಣೆಗೆ ಹೋಗಿ 21ನ್ನು 7ಕ್ಕೆ, 33ನ್ನು 8ಕ್ಕೆ ಎಳೆಯಿರಿ.

5. ಮೈದಾನದ ಚಿತ್ರದಲ್ಲಿ ಒಂಬತ್ತೂ ಜಾಗ ತುಂಬಿದೆಯಾ, ಒಬ್ಬನೇ ಎರಡು ಕಡೆ ಇಲ್ಲ ತಾನೇ ಎಂದು ನೋಡಿ ಸೇವ್ ಮಾಡಿ.

ಇಷ್ಟೂ ಮುಂದಿನ ಪಿಚ್‌ಗೆ ಮುಂಚೆ ಆಗಬೇಕು. ಆ್ಯಪ್ ಪ್ರತಿ ಪಿಚ್ಚನ್ನೂ ಆ ಕ್ಷಣದಲ್ಲಿ ಲೈನ್‌ಅಪ್‌ನಲ್ಲಿ ಇರುವವರ ಹೆಸರಿಗೆ ಬರೆಯುತ್ತಾ ಹೋಗುತ್ತದೆ. ಆಗದೇ ಹೋದರೆ ಏನು ಮಾಡಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಪಿಂಚ್ ಹಿಟ್ಟರ್

ಬ್ಯಾಟ್ ಮಾಡಲು ಮಾತ್ರ ಕರೆಸಿದ ಬದಲಿಗ ಇವನು. ಆ್ಯಪ್‌ನಲ್ಲಿ ಈಗ ಬ್ಯಾಟ್ ಮಾಡಬೇಕಾದವನ ಹೆಸರಿನ ಮೇಲೆ ಒತ್ತಿ ಪಿಂಚ್ ಹಿಟ್ಟರ್ ಆರಿಸಿದರೆ ಕೆಲಸ ಆಯಿತು. ಆದರೆ ಆ ಅರ್ಧ ಇನಿಂಗ್ಸ್ (ಆ ಇನಿಂಗ್ಸ್‌ನಲ್ಲಿ ಒಂದು ತಂಡದ ಬ್ಯಾಟಿಂಗ್) ಮುಗಿದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಅವನು ಮೈದಾನಕ್ಕೂ ಇಳಿಯುತ್ತಾನಾ, ಇಳಿದರೆ ಯಾವ ಜಾಗಕ್ಕೆ, ಇಲ್ಲವಾದರೆ ಅವನ ಬದಲು ಯಾರು? ಇದನ್ನು ಕೇಳಿ ತುಂಬದಿದ್ದರೆ ಮುಂದಿನ ಅರ್ಧದಲ್ಲಿ ಆ್ಯಪ್ ಎಂಟೇ ಜನರನ್ನು ತೋರಿಸುತ್ತದೆ, ಅಥವಾ ಹೊರಗೆ ಹೋದವನ ಜಾಗಕ್ಕೆ ಇವನನ್ನೇ ತಳ್ಳುತ್ತದೆ.

ಹಿಟ್ಟರ್ ಒಬ್ಬ ಅರ್ಧ ಸರದಿಯಲ್ಲಿ ಗಾಯವಾಗಿ ಹೋದರೆ? ಮೇಜರ್ ಲೀಗ್ ನಿಯಮ ಸ್ಪಷ್ಟವಾಗಿದೆ. ಮೊದಲಿನವನ ಮೇಲೆ ಎರಡು ಸ್ಟ್ರೈಕ್ (ಬ್ಯಾಟರ್ ವಿರುದ್ಧ ಎಣಿಸುವ ಎಸೆತ, ಮೂರಾದರೆ ಔಟ್) ಆಗಿದ್ದು, ಹೊಸಬ ಮೂರನೆಯದಕ್ಕೆ ಔಟಾದರೆ, ಆ ಸ್ಟ್ರೈಕ್‌ಔಟ್ ಮೊದಲಿನವನ ಲೆಕ್ಕಕ್ಕೆ. ಬೇರೆ ಏನೇ ಆದರೂ, ಹೊಡೆತವಾಗಲಿ ವಾಕ್ (ನಾಲ್ಕು ಬಾಲ್, ಅಂದರೆ ಗುರಿ ತಪ್ಪಿದ ಎಸೆತ ಆದಾಗ ಸಿಗುವ ಮೊದಲ ಬೇಸ್) ಆಗಲಿ, ಎಲ್ಲವೂ ಹೊಸಬನ ಲೆಕ್ಕಕ್ಕೆ. ಆ್ಯಪ್ ಇದನ್ನು ತಾನೇ ಸರಿಯಾಗಿ ಹಂಚಬೇಕಾದರೆ ಬದಲಾವಣೆಯನ್ನು ಆ ಕೌಂಟ್ (ಬಾಲ್, ಸ್ಟ್ರೈಕ್‌ಗಳ ಎಣಿಕೆ) ನಡುವೆಯೇ ಹಾಕಿರಬೇಕು. ಸರದಿ ಮುಗಿದ ಮೇಲೆ ಹಾಕಿದರೆ ಅದಕ್ಕೆ ಗೊತ್ತಾಗುವುದಿಲ್ಲ.

ಈ ನಿಯಮ ನೆನಪಾದಾಗಲೆಲ್ಲ ನನಗೆ ಡ್ಯಾನಿ ಜ್ಯಾನ್ಸನ್ ನೆನಪಾಗುತ್ತಾರೆ. 2024ರ ಜೂನ್ 26ರಂದು ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಅವರು ಟೊರಾಂಟೊ ಬ್ಲೂ ಜೇಸ್ ಪರ ಬ್ಯಾಟ್ ಮಾಡುತ್ತಿದ್ದರು. ಒಂದು ಸ್ಟ್ರೈಕ್ ಆಗಿತ್ತು, ಮಳೆ ಬಂದು ಆಟ ನಿಂತಿತು. ಜುಲೈನಲ್ಲಿ ಅವರು ಬಾಸ್ಟನ್ ರೆಡ್ ಸಾಕ್ಸ್ ಸೇರಿದರು. ಆಗಸ್ಟ್ 26ರಂದು ಅದೇ ಆಟ ನಿಂತಲ್ಲಿಂದ ಮುಂದುವರಿದಾಗ ಜ್ಯಾನ್ಸನ್ ಬಾಸ್ಟನ್‌ನ ಕ್ಯಾಚರ್. ಅವರ ಅರ್ಧ ಉಳಿದ ಸರದಿಯನ್ನು ಪಿಂಚ್ ಹಿಟ್ಟರ್ ಆಗಿ ಡಾಲ್ಟನ್ ವಾರ್ಶೊ ಮುಂದುವರಿಸಿದರು. ಒಂದೇ ಆಟದಲ್ಲಿ ಎರಡೂ ತಂಡಗಳ ಪರ ಆಡಿದ ಮೊದಲ ಮೇಜರ್ ಲೀಗ್ ಆಟಗಾರ ಜ್ಯಾನ್ಸನ್. ಆದದ್ದು ಒಂದೇ ಸ್ಟ್ರೈಕ್ ಆದ್ದರಿಂದ ಆ ಸರದಿಯಲ್ಲಿ ಏನಾದರೂ ಅದು ವಾರ್ಶೊ ಲೆಕ್ಕಕ್ಕೇ. ಎರಡಾಗಿದ್ದರೆ, ತಾನು ಕ್ಯಾಚರ್ ಆಗಿ ಹಿಡಿದ ಚೆಂಡಿಗೆ ತಾನೇ ಸ್ಟ್ರೈಕ್‌ಔಟ್ ಆಗುವ ಸಾಧ್ಯತೆ ಇತ್ತು!

ಪಿಚರ್ ಬದಲು ಪಿಂಚ್ ಹಿಟ್ಟರ್ ಬಂದಾಗ ಇನ್ನೊಂದು ಎಚ್ಚರ ಬೇಕು. ಕೆಲವು ಆ್ಯಪ್‌ಗಳು ತಕ್ಷಣ "ಹೊಸ ಪಿಚರ್ ಯಾರು?" ಎಂದು ಕೇಳುತ್ತವೆ. ಅವಸರದಲ್ಲಿ ಬೆಂಚ್‌ನ ಪಿಚರ್ ಹೆಸರು ಒತ್ತಬೇಡಿ. ಪಿಚರ್ ಹೊರಗೆ ಹೋದ ಅದೇ ಅರ್ಧದಲ್ಲಿ ಅವನ ತಂಡ ಮುನ್ನಡೆ ಪಡೆದು ಕೊನೆಯವರೆಗೆ ಉಳಿಸಿಕೊಂಡರೆ ಗೆಲುವು ಸಾಮಾನ್ಯವಾಗಿ ಅವನ ಹೆಸರಿಗೇ ಹೋಗಬೇಕು. 1988ರ ವರ್ಲ್ಡ್ ಸೀರೀಸ್‌ನ ಮೊದಲ ಆಟ ಇದಕ್ಕೆ ಒಳ್ಳೆಯ ಉದಾಹರಣೆ. ಒಂಬತ್ತನೇ ಇನಿಂಗ್ಸ್‌ನಲ್ಲಿ ಎರಡು ಔಟ್ ಆಗಿ ಡಾಡ್ಜರ್ಸ್ 3–4ರಿಂದ ಹಿಂದಿದ್ದರು. ಕಾಲು ನೋವಿನಲ್ಲಿದ್ದ ಕಿರ್ಕ್ ಗಿಬ್ಸನ್ ಪಿಂಚ್ ಹಿಟ್ಟರ್ ಆಗಿ ಕುಂಟುತ್ತಾ ಬಂದು ಡೆನಿಸ್ ಎಕರ್ಸ್ಲಿ ಎಸೆತಕ್ಕೆ ಹೋಮ್ ರನ್ ಹೊಡೆದು 5–4ರಲ್ಲಿ ಗೆಲ್ಲಿಸಿದರು. ಗಿಬ್ಸನ್ ಬಂದದ್ದು ಪಿಚರ್ ಅಲೆಹಾಂಡ್ರೊ ಪೆನ್ಯಾ ಜಾಗಕ್ಕೆ. ಗೆದ್ದ ಪಿಚರ್ ಪೆನ್ಯಾ. ಹೊಡೆತ ಬಿದ್ದಾಗ ಅವರು ಆಟದಿಂದ ಹೊರಗೆ ಹೋಗಿಯಾಗಿತ್ತು.

ಪಿಂಚ್ ರನ್ನರ್ ಬೇರೆ, ಕರ್ಟಸಿ ರನ್ನರ್ ಬೇರೆ

ಬೇಸ್ ಮೇಲಿರುವವನ ಬದಲು ವೇಗವಾಗಿ ಓಡುವವನನ್ನು ಇಳಿಸಿದರೆ ಅವನು ಪಿಂಚ್ ರನ್ನರ್. ಇದು ಪೂರ್ತಿ ಬದಲಾವಣೆ, ಮೊದಲಿನವನು ಹೊರಗೆ. ಆ್ಯಪ್‌ನಲ್ಲಿ ಲೈನ್‌ಅಪ್‌ಗೆ ಹೋಗುವುದಕ್ಕಿಂತ ಬೇಸ್ ಮೇಲಿರುವ ಚಿಹ್ನೆಯನ್ನೇ ಒತ್ತುವುದು ಸುಲಭ.

ಲೆಕ್ಕ ಹೇಗೆ ಹಂಚಿಹೋಗುತ್ತದೆ ಎಂದು ನೋಡಬೇಕಾದರೆ 2004ರ ಅಮೆರಿಕನ್ ಲೀಗ್ ಫೈನಲ್‌ನ ನಾಲ್ಕನೇ ಆಟ ನೋಡಿ. ಒಂಬತ್ತನೇ ಇನಿಂಗ್ಸ್, ಬಾಸ್ಟನ್ ಒಂದು ರನ್ ಹಿಂದೆ. ಕೆವಿನ್ ಮಿಲ್ಲರ್‌ಗೆ ಮರಿಯಾನೊ ರಿವೆರಾ ವಾಕ್ ಕೊಟ್ಟರು. ಮಿಲ್ಲರ್ ಬದಲು ಡೇವ್ ರಾಬರ್ಟ್ಸ್ ಬಂದು ಎರಡನೇ ಬೇಸ್ ಕದ್ದರು, ಅಂದರೆ ಹೊಡೆತವಿಲ್ಲದೇ ಓಡಿ ಸೇರಿದರು. ಬಿಲ್ ಮ್ಯೂಲರ್ ಸಿಂಗಲ್ ಹೊಡೆದಾಗ ಓಡಿ ಬಂದು ಆಟ ಸಮ ಮಾಡಿದರು. ವಾಕ್ ಮಿಲ್ಲರ್ ಹೆಸರಿಗೆ. ಕದ್ದ ಬೇಸ್ ಮತ್ತು ರನ್ ರಾಬರ್ಟ್ಸ್ ಹೆಸರಿಗೆ. ಅವತ್ತು ಯಾರಾದರೂ ಆ್ಯಪ್‌ನಲ್ಲಿ ಬದಲಾವಣೆ ಹಾಕಲು ಒಂದು ಪಿಚ್ ತಡ ಮಾಡಿದ್ದರೆ ಬೇಸ್‌ಬಾಲ್‌ನ ಅಷ್ಟು ಹೆಸರುವಾಸಿ ಕಳವು ಮಿಲ್ಲರ್ ಖಾತೆಗೆ ಹೋಗುತ್ತಿತ್ತು.

ಕರ್ಟಸಿ ರನ್ನರ್ ಅನ್ನುವುದು ಹೈಸ್ಕೂಲ್ ಮತ್ತು ಮಕ್ಕಳ ಆಟಗಳಲ್ಲಿ ಕಾಣುವ ಸೌಕರ್ಯ. ಸಾಮಾನ್ಯವಾಗಿ ಪಿಚರ್ ಅಥವಾ ಕ್ಯಾಚರ್ ಬದಲು ಇನ್ನೊಬ್ಬ ಓಡುತ್ತಾನೆ, ಆದರೆ ಅವರು ಆಟದಲ್ಲೇ ಉಳಿಯುತ್ತಾರೆ. ಇಲ್ಲಿ ಪಿಂಚ್ ರನ್ನರ್ ಒತ್ತಿದರೆ ನಿಮ್ಮ ಕ್ಯಾಚರ್ ಹೊರಗೆ ಹೋಗಿಬಿಡುತ್ತಾನೆ. ಕರ್ಟಸಿ ರನ್ನರ್ ಆಯ್ಕೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಲೈನ್‌ಅಪ್ ಮುಟ್ಟಬೇಡಿ. ಟಿಪ್ಪಣಿಯಲ್ಲಿ ಬರೆದುಕೊಂಡು ಆಮೇಲೆ ರನ್ ಅನ್ನು ಸರಿಯಾದ ಹೆಸರಿಗೆ ಬದಲಿಸಿ.

ಪಿಚರ್ ಬದಲಾವಣೆ: ಇಲ್ಲಿ ನಿಧಾನ ಮಾಡಿ

ಬೇರೆಲ್ಲ ಬದಲಾವಣೆಗಳಲ್ಲಿ ತಪ್ಪಾದರೆ ಹೆಸರು ಆಚೀಚೆ ಆಗುತ್ತದೆ. ಪಿಚರ್ ವಿಷಯದಲ್ಲಿ ತಪ್ಪಾದರೆ ರನ್‌ಗಳ ಹೊಣೆಯೇ ತಪ್ಪು ತಲೆಗೆ ಬೀಳುತ್ತದೆ. ಒಳ್ಳೆಯ ವಿಷಯ ಏನೆಂದರೆ ಪಿಚರ್ ಬದಲಾದಾಗ ಹೊಸಬ ವಾರ್ಮ್‌ಅಪ್ ಎಸೆತ ಹಾಕುತ್ತಾನೆ, ನಿಮಗೆ ಸಮಯ ಸಿಗುತ್ತದೆ. ಆ ಸಮಯವನ್ನು ನೀರು ಕುಡಿಯಲು ಬಳಸಬೇಡಿ. ಬದಲಾವಣೆ ಹಾಕಿ, ಆಮೇಲೆ ಬೇಸ್ ಮೇಲೆ ಯಾರು ಯಾರು ಇದ್ದಾರೆ, ಕೌಂಟ್ ಎಷ್ಟು ಎಂದು ಚೀಟಿಯಲ್ಲಿ ಬರೆಯಿರಿ.

ಒಂದು ಸನ್ನಿವೇಶ ನೋಡೋಣ. ಪಿಚರ್ 31 ಇಬ್ಬರನ್ನು ಬೇಸ್ ಮೇಲೆ ಬಿಟ್ಟು ಹೋದ. ಮೊದಲ ಬೇಸ್‌ನಲ್ಲಿ ಒಬ್ಬ, ಎರಡನೆಯದರಲ್ಲಿ ಒಬ್ಬ. ಯಾರೂ ಔಟಾಗಿಲ್ಲ. 44 ಬಂದ. ಮುಂದಿನ ಬ್ಯಾಟರ್ ನೆಲಕ್ಕೆ ಹೊಡೆದ, ಮೊದಲ ಬೇಸ್‌ನಿಂದ ಓಡಿದವನು ಎರಡರಲ್ಲಿ ಔಟಾದ, ಇನ್ನೊಬ್ಬ ಮೂರಕ್ಕೆ ಹೋದ, ಬ್ಯಾಟರ್ ಮೊದಲ ಬೇಸ್‌ನಲ್ಲಿ ಉಳಿದ. ಆಮೇಲಿನ ಬ್ಯಾಟರ್ ಟ್ರಿಪಲ್ (ಮೂರು ಬೇಸ್‌ನ ಹೊಡೆತ) ಹೊಡೆದ, ಬೇಸ್ ಮೇಲಿದ್ದ ಇಬ್ಬರೂ ಹೋಮ್ ಸೇರಿ ರನ್ ಗಳಿಸಿದರು. ಆ ಎರಡು ರನ್ ಯಾರ ಲೆಕ್ಕ?

44ರ ಎದುರು ಬ್ಯಾಟ್ ಮಾಡಿ ಬೇಸ್ ಸೇರಿದವನ ರನ್ ಆದರೂ 44ರ ತಲೆಗೆ ಬರಬೇಕಲ್ವಾ ಅನಿಸುತ್ತದೆ. ಇಲ್ಲ. ಎರಡೂ 31ರ ಲೆಕ್ಕ. ನಿಯಮ ನೋಡುವುದು ತಲೆ ಎಣಿಕೆಯನ್ನು, ಮುಖವನ್ನಲ್ಲ. 31 ಇಬ್ಬರನ್ನು ಬಿಟ್ಟು ಹೋಗಿದ್ದ. ಬ್ಯಾಟರ್ ಹೊಡೆತದಿಂದಾಗಿ ಅವರಲ್ಲೊಬ್ಬ ಔಟಾಗಿ ಅವನ ಬದಲು ಬ್ಯಾಟರ್ ಬೇಸ್‌ನಲ್ಲಿ ಉಳಿದರೆ, ಆ ಹೊಣೆ ಹಾಗೇ ಮುಂದುವರಿಯುತ್ತದೆ. ಅದೇ ಓಟಗಾರ ಬೇಸ್ ಕದಿಯಲು ಹೋಗಿ ಔಟಾಗಿದ್ದರೆ 31ರ ಹೊಣೆ ಒಂದಕ್ಕೆ ಇಳಿಯುತ್ತಿತ್ತು. ಒಳ್ಳೆಯ ಆ್ಯಪ್ ಇದನ್ನು ತಾನೇ ಲೆಕ್ಕ ಹಾಕುತ್ತದೆ, ಆದರೆ ಆ ನೆಲದ ಹೊಡೆತಕ್ಕೆ ಮುಂಚೆ 44 ಬಂದಿದ್ದಾನೆಂದು ಅದಕ್ಕೆ ತಿಳಿದಿರಬೇಕು. ಮತ್ತು ನೀವು ಆ ಆಟವನ್ನು ಫೀಲ್ಡರ್ಸ್ ಚಾಯ್ಸ್ (ಬ್ಯಾಟರ್ ಬದಲು ಇನ್ನೊಬ್ಬ ಓಟಗಾರನನ್ನು ಔಟ್ ಮಾಡಿದ್ದು) ಎಂದೇ ಗುರುತಿಸಿರಬೇಕು.

ಬ್ಯಾಟರ್ ಸರದಿ ಅರ್ಧ ಆಗಿರುವಾಗ ಪಿಚರ್ ಬದಲಾದರೆ ಕೌಂಟ್ ಮುಖ್ಯ. ಬಾಲ್ ಮೊದಲು, ಸ್ಟ್ರೈಕ್ ಆಮೇಲೆ ಹೇಳಿದರೆ, 2–0, 2–1, 3–0, 3–1, 3–2 ಇದ್ದಾಗ ಹೊಸ ಪಿಚರ್ ಬಂದು ಆ ಬ್ಯಾಟರ್‌ಗೆ ವಾಕ್ ಆದರೆ ಅದು ಹಳೆಯ ಪಿಚರ್ ಲೆಕ್ಕ. 2–2 ಸೇರಿ ಉಳಿದ ಯಾವ ಕೌಂಟ್ ಇದ್ದರೂ ವಾಕ್ ಹೊಸಬನದ್ದು. ವಾಕ್ ಬಿಟ್ಟು ಬೇರೆ ಏನಾದರೂ, ಚೆಂಡು ಮೈಗೆ ತಾಗಿ ಬೇಸ್ ಸಿಕ್ಕರೂ ಸಹ, ಹೊಸಬನದ್ದೇ. ಎಲ್ಲ ಆ್ಯಪ್‌ಗಳೂ ಈ ಪಟ್ಟಿ ಪಾಲಿಸುತ್ತವೆ ಎಂದು ನಂಬಿ ಕೂರಬೇಡಿ. ಆಟ ಮುಗಿದ ಮೇಲೆ ಒಮ್ಮೆ ವಾಕ್‌ಗಳ ಲೆಕ್ಕ ನೋಡಿ.

ಮಕ್ಕಳ ಆಟದಲ್ಲಿ ಇದಕ್ಕಿಂತ ದೊಡ್ಡ ವಿಷಯ ಪಿಚ್ ಎಣಿಕೆ. ಲಿಟ್ಲ್ ಲೀಗ್‌ನಲ್ಲಿ 9–10 ವಯಸ್ಸಿನವರಿಗೆ ದಿನಕ್ಕೆ 75, 11–12ರವರಿಗೆ 85 ಪಿಚ್ ಮಿತಿ. 14ರವರೆಗಿನ ಮಕ್ಕಳು 21ರಿಂದ 35 ಎಸೆದರೆ ಒಂದು ದಿನ, 36ರಿಂದ 50 ಎಸೆದರೆ ಎರಡು ದಿನ, 51ರಿಂದ 65ಕ್ಕೆ ಮೂರು, 66 ಅಥವಾ ಜಾಸ್ತಿ ಎಸೆದರೆ ನಾಲ್ಕು ದಿನ ವಿಶ್ರಾಂತಿ. 41 ಅಥವಾ ಜಾಸ್ತಿ ಎಸೆದವನು ಆ ದಿನ ಆಮೇಲೆ ಕ್ಯಾಚರ್ ಆಗುವಂತಿಲ್ಲ. ಈಗ ಯೋಚಿಸಿ. 35 ಎಸೆದು ಹೊರಗೆ ಹೋದ ಹುಡುಗನ ಬದಲಾವಣೆಯನ್ನು ನೀವು ಒಂದು ಪಿಚ್ ತಡವಾಗಿ ಹಾಕಿದಿರಿ. ಆ್ಯಪ್ 36 ತೋರಿಸುತ್ತದೆ. ಅವನು ನಾಳಿದ್ದಿನ ಆಟದಲ್ಲಿ ಎಸೆಯುವಂತಿಲ್ಲ. ಇದರ ಇನ್ನೊಂದು ಮುಖ ಇನ್ನೂ ಕೆಟ್ಟದ್ದು, ಹೊಸಬನ ಎಣಿಕೆ ಒಂದು ಕಡಿಮೆಯಾಗಿ ಅವನ ಕೈಗೆ ಸಿಗಬೇಕಾದ ವಿಶ್ರಾಂತಿ ತಪ್ಪಬಹುದು. ಬೆಳೆಯುವ ಮಕ್ಕಳ ಮೊಣಕೈ, ಭುಜದ ಪ್ರಶ್ನೆ ಇದು. ನಾನು ಪಿಚರ್ ಬದಲಾದಾಗಲೆಲ್ಲ ಎದುರಾಳಿ ತಂಡದ ಸ್ಕೋರರ್ ಹತ್ತಿರ "ನಿಮ್ಮದರಲ್ಲಿ ಎಷ್ಟು?" ಎಂದು ಕೇಳಿಯೇ ಮುಂದೆ ಹೋಗುತ್ತೇನೆ.

ಒಟ್ಟಿಗೆ ಇಬ್ಬರು, ಮತ್ತು ಡೆಸಿಗ್ನೇಟೆಡ್ ಹಿಟ್ಟರ್

ಇಬ್ಬರು ಒಟ್ಟಿಗೆ ಒಳಗೆ ಬಂದರೆ ಯಾರು ಯಾರ ಬ್ಯಾಟಿಂಗ್ ಜಾಗಕ್ಕೆ ಅನ್ನುವುದನ್ನು ಕೋಚ್ ತೀರ್ಮಾನಿಸಿ ಅಂಪೈರ್‌ಗೆ ಹೇಳಬೇಕು. ಇದೇ ಡಬಲ್ ಸ್ವಿಚ್. ಪಿಚರ್ ಬೇಗ ಬ್ಯಾಟ್ ಮಾಡಬೇಕಾಗಿ ಬರದಂತೆ ತಪ್ಪಿಸಲು ಕೋಚ್‌ಗಳು ಬಳಸುತ್ತಿದ್ದ ಉಪಾಯ ಅದು. ಹೊಸ ಪಿಚರ್ ಹಳೆಯ ಪಿಚರ್ ಸಾಲಿಗೇ ಹೋಗುತ್ತಾನೆ ಎಂದು ಊಹಿಸಬೇಡಿ. "ಯಾರು ಎಷ್ಟನೇ ಸಾಲಿಗೆ?" ಎಂದು ಕೇಳಿಬಿಡಿ. ಇದರಲ್ಲಿ ಸಂಕೋಚ ಬೇಡ, ಅಂಪೈರ್‌ಗೂ ಅದೇ ಬೇಕು.

ಡೆಸಿಗ್ನೇಟೆಡ್ ಹಿಟ್ಟರ್ ಪಿಚರ್ ಬದಲು ಬ್ಯಾಟ್ ಮಾತ್ರ ಮಾಡುವವನು. ಅಮೆರಿಕನ್ ಲೀಗ್ ಇದನ್ನು 1973ರಲ್ಲಿ ತಂದಿತು. 2022ರಿಂದ ನ್ಯಾಷನಲ್ ಲೀಗ್‌ನಲ್ಲೂ ಕಾಯಂ ಆಯಿತು, ಅಲ್ಲಿಂದ ಮೇಜರ್ ಲೀಗ್‌ನಲ್ಲಿ ಡಬಲ್ ಸ್ವಿಚ್ ಅಪರೂಪ. ಅವನ ಬದಲು ಪಿಂಚ್ ಹಿಟ್ಟರ್ ಬಂದರೆ ಅವನೇ ಹೊಸ ಡೆಸಿಗ್ನೇಟೆಡ್ ಹಿಟ್ಟರ್, ತೊಂದರೆ ಇಲ್ಲ. ಆದರೆ ಅವನು ಮೈದಾನಕ್ಕೆ ಇಳಿದ ಕೂಡಲೇ ಆ ಸ್ಥಾನವೇ ರದ್ದು. ಇನ್ನು ಪಿಚರ್ ಬ್ಯಾಟ್ ಮಾಡಲೇಬೇಕು, ಯಾರ ಫೀಲ್ಡಿಂಗ್ ಜಾಗ ಹೋಯಿತೋ ಅವನ ಸಾಲಿನಲ್ಲಿ. ಆ್ಯಪ್‌ನಲ್ಲಿ ಅವನ ಪೊಸಿಷನ್ ಬದಲಿಸಿದಾಗ "ಡಿಎಚ್ ರದ್ದಾಗುತ್ತದೆ, ಸರಿಯಾ?" ಎಂಬ ಅರ್ಥದ ಪ್ರಶ್ನೆ ಬಂದರೆ ಓದದೇ ಒತ್ತಬೇಡಿ.

2022ರಲ್ಲೇ ಇನ್ನೊಂದು ನಿಯಮ ಬಂತು, ಪಿಚಿಂಗ್, ಬ್ಯಾಟಿಂಗ್ ಎರಡೂ ಮಾಡುವ ಆಟಗಾರ ಶೋಹೆ ಒಟಾನಿ ಹೆಸರಿನಲ್ಲೇ ಜನ ಅದನ್ನು ಕರೆಯುತ್ತಾರೆ. ಆಟ ಶುರು ಮಾಡುವ ಪಿಚರ್ ತಾನೇ ಡೆಸಿಗ್ನೇಟೆಡ್ ಹಿಟ್ಟರ್ ಕೂಡ ಆಗಬಹುದು. ಪಿಚಿಂಗ್ ಬಿಟ್ಟ ಮೇಲೂ ಬ್ಯಾಟಿಂಗ್‌ನಲ್ಲಿ ಉಳಿಯಬಹುದು. ಇಂಥ ಆಟದಲ್ಲಿ ಒಬ್ಬನೇ ಎರಡು ಕಡೆ ಕಾಣುತ್ತಾನೆ. ಪಿಚರ್ ಜಾಗದಲ್ಲಿರುವ ಅವನ ಹೆಸರನ್ನು ಮಾತ್ರ ಬದಲಿಸಿ, ಬ್ಯಾಟಿಂಗ್ ಸಾಲಿನಲ್ಲಿರುವುದನ್ನು ಮುಟ್ಟಬೇಡಿ.

ಎಲ್ಲರೂ ಬ್ಯಾಟ್ ಮಾಡುವ ಆಟಗಳು

ಮಕ್ಕಳ ಎಷ್ಟೋ ಲೀಗ್‌ಗಳಲ್ಲಿ ಬಂದವರೆಲ್ಲ ಸರದಿಯಲ್ಲಿ ಬ್ಯಾಟ್ ಮಾಡುತ್ತಾರೆ, ಮೈದಾನದಲ್ಲಿ ಒಂಬತ್ತು ಜನ ತಿರುಗಿ ತಿರುಗಿ ನಿಲ್ಲುತ್ತಾರೆ. ಇಲ್ಲಿ ಸಬ್‌ಸ್ಟಿಟ್ಯೂಷನ್ ಬಟನ್ ಹತ್ತಿರ ಹೋಗುವ ಅಗತ್ಯವೇ ಇಲ್ಲ, ಪೊಸಿಷನ್ ಬದಲಾವಣೆ ಸಾಕು. ತಡವಾಗಿ ಬಂದ ಹುಡುಗನನ್ನು ಸಾಮಾನ್ಯವಾಗಿ ಸಾಲಿನ ಕೊನೆಗೆ ಸೇರಿಸುತ್ತಾರೆ. ಮಧ್ಯದಲ್ಲಿ ಹೊರಟುಹೋದರೆ ಅವನ ಸರದಿಯನ್ನು ಬಿಟ್ಟು ಮುಂದೆ ಹೋಗುವುದಾ, ಔಟ್ ಎಂದು ಬರೆಯುವುದಾ ಅನ್ನುವುದು ಲೀಗ್ ನಿಯಮ. ಮೊದಲೇ ಕೇಳಿಟ್ಟುಕೊಳ್ಳಿ.

ಯಾರೂ ಹೇಳದೇ ಬದಲಾದರೆ

ಇದು ಆಗಾಗ ಆಗುತ್ತದೆ. ತಲೆ ಎತ್ತಿ ನೋಡಿದರೆ ರೈಟ್ ಫೀಲ್ಡ್‌ನಲ್ಲಿ ಬೇರೆ ಹುಡುಗ. ಮೇಜರ್ ಲೀಗ್ ನಿಯಮದ ಪ್ರಕಾರ ಘೋಷಣೆ ಇಲ್ಲದಿದ್ದರೂ ಬದಲಾವಣೆ ಆದಂತೆಯೇ. ಪಿಚರ್ ಆದರೆ ಮೌಂಡ್‌ನ ಪಟ್ಟಿ ಮೇಲೆ ನಿಂತಾಗ, ಬ್ಯಾಟರ್ ಆದರೆ ಬಾಕ್ಸ್‌ನಲ್ಲಿ ನಿಂತಾಗ, ಫೀಲ್ಡರ್ ಆದರೆ ಹೊರಗೆ ಹೋದವನ ಜಾಗಕ್ಕೆ ಬಂದು ಆಟ ಶುರುವಾದಾಗ, ರನ್ನರ್ ಆದರೆ ಹಳಬನ ಬೇಸ್‌ನಲ್ಲಿ ನಿಂತಾಗ ಆಟಕ್ಕೆ ಬಂದಂತೆ. ನೀವು ನಂಬರ್ ಓದಿ ಹಾಕಿಕೊಳ್ಳಿ, ಬಿಡುವಾದಾಗ ಅಂಪೈರ್ ಹತ್ತಿರ ಖಚಿತ ಮಾಡಿಕೊಳ್ಳಿ.

ಆದರೆ ಒಂದು ಎಚ್ಚರ. ಪರದೆಯಲ್ಲಿ ಒಬ್ಬ, ಬಾಕ್ಸ್‌ನಲ್ಲಿ ಇನ್ನೊಬ್ಬ ಇದ್ದರೆ ಅದು ಬದಲಾವಣೆ ಅಲ್ಲದೇ ಸರದಿ ತಪ್ಪಿ ಬಂದ ಬ್ಯಾಟರ್ ಕೂಡ ಆಗಿರಬಹುದು. ಅದನ್ನು ಎತ್ತಿ ಹೇಳುವ ಹಕ್ಕು ಎದುರಾಳಿ ತಂಡದ್ದು. ಅಧಿಕೃತ ಸ್ಕೋರರ್ ಅಂಪೈರ್‌ಗಾಗಲಿ ತಂಡಗಳಿಗಾಗಲಿ ಇದನ್ನು ತಿಳಿಸುವಂತಿಲ್ಲ ಎಂದು ನಿಯಮದಲ್ಲೇ ಇದೆ. ಬಾಯಿ ತೆರೆಯುವ ಮುಂಚೆ ನಿಮ್ಮ ಚೀಟಿ ನೋಡಿ.

ತಪ್ಪಾಗಿದ್ದು ಗೊತ್ತಾದಾಗ

ಒಂದೆರಡು ಪಿಚ್ ಆಗಿದ್ದರೆ ಅನ್‌ಡೂ ಒತ್ತಿ ಹಿಂದೆ ಹೋಗಿ, ಬದಲಾವಣೆ ಹಾಕಿ, ಆ ಪಿಚ್‌ಗಳನ್ನು ಮತ್ತೆ ಹಾಕಿ. ಅದಕ್ಕಿಂತ ಜಾಸ್ತಿ ಆಗಿದ್ದರೆ ಆಟ ನಡೆಯುವಾಗ ಕೈ ಹಾಕಬೇಡಿ. ಚೀಟಿಯಲ್ಲಿ ಬರೆದು ಮುಂದೆ ಸಾಗಿ, ಇನಿಂಗ್ಸ್ ನಡುವೆ ಪ್ಲೇ ಪಟ್ಟಿ ತೆರೆದು, ಬದಲಾವಣೆ ನಿಜವಾಗಿ ಆದ ಜಾಗಕ್ಕೇ ಹೋಗಿ ಸೇರಿಸಿ. ಆ್ಯಪ್‌ನಲ್ಲಿ ಹಾಗೆ ಸೇರಿಸುವ ದಾರಿ ಇಲ್ಲದಿದ್ದರೆ ಪ್ರತಿ ಪ್ಲೇಯಲ್ಲೂ ಆಟಗಾರನ ಹೆಸರು ಬದಲಿಸಬೇಕಾಗುತ್ತದೆ. ಬೇಜಾರಿನ ಕೆಲಸ, ಆದರೂ ಸರಿಯಾದ ದಾರಿ.

ಮಾಡಲೇಬಾರದ್ದು ಒಂದಿದೆ. ನಾಲ್ಕನೇ ಇನಿಂಗ್ಸ್‌ನಲ್ಲಿ ಬಿಟ್ಟುಹೋದ ಬದಲಾವಣೆಯನ್ನು ಆರನೆಯದರಲ್ಲಿ ಹೊಸದಾಗಿ ಹಾಕಿ "ಸರಿಹೋಯ್ತು" ಅಂದುಕೊಳ್ಳುವುದು. ಪರದೆ ಸರಿಯಾಗಿ ಕಾಣುತ್ತದೆ, ನಡುವಿನ ಎರಡು ಇನಿಂಗ್ಸ್ ಹಳಬನ ಹೆಸರಿನಲ್ಲೇ ಉಳಿಯುತ್ತದೆ. ವಾಪಸ್ ಬರುವ ಅವಕಾಶ ಒಂದೇ ಇರುವ ಲೀಗ್‌ನಲ್ಲಿ ಸುಳ್ಳು ಬದಲಾವಣೆಯೊಂದು ಆ ಅವಕಾಶವನ್ನೂ ನುಂಗಬಹುದು.

ಹೆಚ್ಚುವರಿ ಇನಿಂಗ್ಸ್‌ನಲ್ಲಿ ಓಟಗಾರನನ್ನು ಎರಡನೇ ಬೇಸ್‌ನಲ್ಲಿ ನಿಲ್ಲಿಸಿ ಶುರು ಮಾಡುವ ಪದ್ಧತಿ ನಿಮ್ಮ ಲೀಗ್‌ನಲ್ಲಿದ್ದರೆ (ಮೇಜರ್ ಲೀಗ್‌ನಲ್ಲಿ 2020ರಿಂದ ಇದೆ), ಅಲ್ಲಿ ನಿಲ್ಲುವವನು ಮೊದಲು ಬ್ಯಾಟ್ ಮಾಡಬೇಕಾದವನಿಗಿಂತ ಸಾಲಿನಲ್ಲಿ ಒಂದು ಹಿಂದೆ ಇರುವವನು. ಆ್ಯಪ್ ತೋರಿಸುವ ಹೆಸರು ಬೇರೆಯಾಗಿದ್ದರೆ, ಹಿಂದೆ ಎಲ್ಲೋ ಒಂದು ಬದಲಾವಣೆ ತಪ್ಪಿದೆ ಎಂದೇ ಅರ್ಥ.

ಆಟ ಮುಗಿದ ಮೇಲೆ ಎರಡು ಪರೀಕ್ಷೆ ಮಾಡಿ. ಒಂದು ತಂಡದ ಒಟ್ಟು ಬ್ಯಾಟಿಂಗ್ ಸರದಿಗಳ ಸಂಖ್ಯೆ, ಅದರ ರನ್, ಬೇಸ್‌ನಲ್ಲಿ ಉಳಿದವರು, ಔಟಾದವರು ಈ ಮೂರರ ಮೊತ್ತಕ್ಕೆ ಸಮ ಇರಬೇಕು. 9 ಇನಿಂಗ್ಸ್‌ನಲ್ಲಿ 27 ಔಟ್, 5 ರನ್, ಉಳಿದವರು 7 ಅಂದರೆ 39 ಸರದಿ. ಇದು ಸರಿಬಂದರೆ ಯಾವ ಸರದಿಯೂ ಬಿಟ್ಟುಹೋಗಿಲ್ಲ. ಆದರೆ ಒಬ್ಬನ ಸರದಿ ಇನ್ನೊಬ್ಬನ ಹೆಸರಿಗೆ ಹೋಗಿದ್ದರೆ ಈ ಲೆಕ್ಕದಲ್ಲಿ ಕಾಣುವುದಿಲ್ಲ. ಅದಕ್ಕೆ ಎರಡನೇ ಪರೀಕ್ಷೆ: ಬ್ಯಾಟಿಂಗ್ ಸಾಲಿನ ಒಂದೊಂದು ಜಾಗದಲ್ಲೂ ಯಾರು, ಯಾರ ನಂತರ ಯಾರು, ಯಾವ ಇನಿಂಗ್ಸ್‌ನಿಂದ ಎಂದು ನಿಮ್ಮ ಚೀಟಿ ಮತ್ತು ಅಂಪೈರ್ ಕಾರ್ಡ್ ಜೊತೆ ಹೋಲಿಸಿ ನೋಡಿ. ಎರಡೂ ತಾಳೆಯಾದ ಮೇಲೆ ಆಟ ಮುಗಿಸುವ ಬಟನ್ ಒತ್ತಿ.